ಸೇತುವೆಗೆ ಎರಡು ಎತ್ತರ

ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತೆಂದರೆ ಸವದತ್ತಿಯ ಯಲ್ಲಮ್ಮನ ಗುಡ್ಡದತ್ತ ಟ್ರ್ಯಾಕ್ಟರುಗಳ ಸಾಲು ಹರಿದು ಬರುತ್ತದೆ. ಟ್ರೇಲರಿಗೆ ಬಿದಿರು ಬಾಗಿಸಿ ತಾಡಪತ್ರಿ ಹೊದಿಸಿ, ಒಲೆ, ಹಾಸಿಗೆ, ಪರಡಿ ತುಂಬುವ ಸಾಮಾನು, ಮಕ್ಕಳು-ಮರಿ ಎಲ್ಲ ಅದರೊಳಗೇ. ಪಶ್ಚಿಮದವರು ಕ್ಯಾರವಾನ್ ಎಂದು ಕರೆಯುವ ಗಾಲಿಮನೆಯನ್ನು ನಮ್ಮವರು ಎಂದೋ ಕಟ್ಟಿಕೊಂಡಿದ್ದಾರೆ. ಆದರೆ ಆ ಮನೆಯ ಎತ್ತರ ಎಷ್ಟು ಎಂದು ಕೇಳಿದರೆ ಉತ್ತರಿಸುವವರು ಕಡಿಮೆ.

ಎತ್ತರ ತಿಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಡರ್ಹಮ್ ನಗರದ ರೈಲು ಸೇತುವೆಯೇ ಸಾಕ್ಷಿ. ಅದರ ಕೆಳಗಿನ ತೆರವು ಮೊದಲು 11 ಅಡಿ 8 ಅಂಗುಲ ಇತ್ತು. ಫಲಕ, ಎಚ್ಚರಿಕೆಯ ದೀಪ ಎಲ್ಲ ಇದ್ದರೂ ಲಾರಿಗಳು ತಲೆ ಕೊಡುತ್ತಲೇ ಇದ್ದವು. 2019ರಲ್ಲಿ ಸೇತುವೆಯನ್ನು 8 ಅಂಗುಲ ಎತ್ತರಿಸಿದರು. ಆಮೇಲೂ ಬಡಿಯುವುದು ನಿಲ್ಲಲಿಲ್ಲ.

ತಲೆಯ ಮೇಲಿನ ತಂತಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಊರಿಗೆ ರೈಲು ಇನ್ನೂ ಬಂದಿಲ್ಲ. ಹಾಗಾಗಿ ರೈಲು ಸೇತುವೆಯ ಭಯ ಊರೊಳಗೆ ಇಲ್ಲ. ಹೆದ್ದಾರಿಯ ಕಡೆ ಹೋದವರು ಮಾತ್ರ, ಜನ-ದನ ದಾಟಲೆಂದು ಕಟ್ಟಿದ ಕೆಳದಾರಿಗೆ ಕಬ್ಬಿನ ಟ್ರೇಲರ್ ನುಗ್ಗಿಸಬಾರದು. ನಮ್ಮ ಹಳ್ಳಿದಾರಿಯಲ್ಲಿ ಸೇತುವೆಯ ಕೆಲಸವನ್ನು ವಿದ್ಯುತ್ ತಂತಿ ಮಾಡುತ್ತದೆ.

ಸರಕು ವಾಹನದ ಎತ್ತರದ ಮಿತಿ 2020ರ ತಿದ್ದುಪಡಿಯಂತೆ 4 ಮೀಟರ್. ರಸ್ತೆಗೆ ಅಡ್ಡಲಾಗಿ ಹೋಗುವ ಕಡಿಮೆ ಒತ್ತಡದ ತಂತಿ ನೆಲದಿಂದ ಕನಿಷ್ಠ 5.8 ಮೀಟರ್, 11 ಸಾವಿರ ವೋಲ್ಟಿನದು ಕನಿಷ್ಠ 6.1 ಮೀಟರ್ ಮೇಲಿರಬೇಕು. ಅಂತರ ಸಾಕಷ್ಟಿದೆ ಎನಿಸುತ್ತದಲ್ಲವೆ? ಆದರೆ 4 ಮೀಟರಿನ ಜೋಳದ ಕಣಿಕೆಯ ಹೇರಿನ ಮೇಲೆ ಐದೂಕಾಲು ಅಡಿಯ ಆಳೊಬ್ಬ ನಿಂತರೆ ಅವನ ತಲೆ 5.6 ಮೀಟರಿಗೆ ಮುಟ್ಟಿತು. ಉಳಿದದ್ದು ಒಂದು ಗೇಣು. ಕೈ ಎತ್ತಿದರೆ ಅದೂ ಇಲ್ಲ. ಬಿಸಿಲಿಗೆ ತಂತಿ ಹಿಗ್ಗಿ ಜೋಲುತ್ತದೆ. ಬೆಳಿಗ್ಗೆ ಸುಖವಾಗಿ ದಾಟಿದ ಜಾಗ ಮಧ್ಯಾಹ್ನ ಹಾಗೇ ಇರುವುದಿಲ್ಲ. ಬಿದಿರಿನಿಂದ ತಂತಿ ಎತ್ತಿ ಹಿಡಿಯುವ ಸಾಹಸವಂತೂ ಬೇಡ. ಹಸಿ ಬಿದಿರಿನಲ್ಲಿ ವಿದ್ಯುತ್ ಹರಿಯುತ್ತದೆ.

ಗಾಲಿಯ ಕೆಳಗಿನ ನೀರು

ಮಳೆಗಾಲದಲ್ಲಿ ಲೆಕ್ಕ ತಿರುಗಿ ಬೀಳುತ್ತದೆ. ಆಗ ನೋಡಬೇಕಾದದ್ದು ಸೇತುವೆ ನಮ್ಮ ತಲೆಗಿಂತ ಎಷ್ಟು ಮೇಲಿದೆ ಎಂದಲ್ಲ, ನೀರಿಗಿಂತ ಎಷ್ಟು ಮೇಲಿದೆ ಎಂದು. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅಲ್ಲಿ ಮಳೆ ಜಡಿದು ನವಿಲುತೀರ್ಥದ ಅಣೆಕಟ್ಟು ತುಂಬಿದರೆ, ರಾಮದುರ್ಗದಲ್ಲಿ ಬಿಸಿಲಿದ್ದ ದಿನವೂ ಹೊಳೆ ಏರಬಹುದು. 2019ರ ಆಗಸ್ಟ್‌ನಲ್ಲಿ ಮುನವಳ್ಳಿ, ರಾಮದುರ್ಗದ ಜನ ಇದನ್ನು ಕಣ್ಣಾರೆ ಕಂಡರು. 'ಹತ್ತು ಸಾವಿರ ಕ್ಯೂಸೆಕ್ ಬಿಡಲಾಗಿದೆ' ಎಂದು ಪತ್ರಿಕೆಯಲ್ಲಿ ಓದಿದರೆ, ಪ್ರತಿ ಸೆಕೆಂಡಿಗೆ ಸುಮಾರು 283 ಟನ್ ನೀರು ಎಂದು ತಿಳಿಯಿರಿ.

ಕೆಳಹಂತದ ಸೇತುವೆಯ ಮೇಲೆ ಮೊಣಕಾಲುದ್ದದ ನೀರು ತಾನೇ ಎಂದು ಕಾರು ಇಳಿಸುವವರಿಗೆ ಆರ್ಕಿಮಿಡೀಸನ ಲೆಕ್ಕ ಹೇಳಬೇಕು. ಸಣ್ಣ ಕಾರಿನ ತಳ ಸುಮಾರು 6 ಚದರ ಮೀಟರ್. ತಳ ಮುಟ್ಟಿದ ಮೇಲೆ ನೀರು 10 ಸೆಂಟಿಮೀಟರ್ ಏರಿದರೆ 600 ಕಿಲೋಗ್ರಾಂ ಭಾರವನ್ನು ಎತ್ತುತ್ತದೆ. 15 ಏರಿದರೆ 900. ಕಾರಿನ ತೂಕವೇ ಅಷ್ಟು! ತಳ ನೆಲದಿಂದ 17 ಸೆಂಟಿಮೀಟರ್ ಎತ್ತರದಲ್ಲಿದೆ ಎಂದುಕೊಂಡರೂ ಒಂದು ಅಡಿಗಿಂತ ತುಸು ಹೆಚ್ಚಿನ ನೀರಿಗೆ ಕಾರು ತೇಲತೊಡಗುತ್ತದೆ. ಅದಕ್ಕೂ ಮೊದಲೇ ಗಾಲಿಯ ಹಿಡಿತ ಸಡಿಲುತ್ತದೆ. ಸೆಳವಿನ ವೇಗ ಎರಡು ಪಟ್ಟಾದರೆ ಅದರ ನೂಕು ನಾಲ್ಕು ಪಟ್ಟು.

ಎರಡೂ ಎತ್ತರಗಳು ಒಂದೇ ಕಡೆ ಕೂಡುವುದೂ ಉಂಟು. ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ 2023ರ ಮೇ 21ರಂದು ಮಳೆನೀರು ತುಂಬಿ, ಕಾರಿನಲ್ಲಿದ್ದ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು.

ಹೊರಡುವ ಮುನ್ನ

ಹೇರು ಕಟ್ಟಿದ ಮೇಲೆ ಪಕ್ಕದಲ್ಲಿ ಒಂದು ಗಳ ನಿಲ್ಲಿಸಿ, ಮೇಲ್ತುದಿಯಿಂದ ಅಡ್ಡಕೋಲು ಹಿಡಿದು ಎತ್ತರ ಗುರುತಿಸಿಕೊಳ್ಳಿ. ಧ್ವಜದ ಕೋಲು, ಧ್ವನಿವರ್ಧಕವನ್ನೂ ಸೇರಿಸಿ ಅಳೆಯಿರಿ. ಆ ಅಂಕಿಯನ್ನು ಚಾಲಕನ ಕಣ್ಣೆದುರು ಸುಣ್ಣದ ಕಡ್ಡಿಯಲ್ಲಿ ಬರೆಯಿರಿ. ಹೇರಿನ ಮೇಲೆ ಯಾರನ್ನೂ ಕೂಡಿಸಬೇಡಿ. ಜಾತ್ರೆಯಲ್ಲಿ ಪೊಲೀಸರು ಏಕಮುಖ ಸಂಚಾರ ಮಾಡಿದ್ದರೆ, ಇಳಿಯುವ ದಾರಿಯನ್ನು ಏರುವ ಮೊದಲೇ ಕೇಳಿಕೊಳ್ಳಿ. ಹೊಳೆ ದಾಟುವವರು ಸೇತುವೆಯ ಅಂಚಿನ ಕಲ್ಲು ಕಾಣದಿದ್ದರೆ ಹಿಂದಿರುಗಬೇಕು.

ಫೋನಿನ ನಕಾಶೆ ಹತ್ತಿರದ ದಾರಿ ತೋರಿಸೀತು. ಆ ದಾರಿಯ ಸೇತುವೆ ಈ ಬೆಳಿಗ್ಗೆ ಮುಳುಗಿದೆಯೇ ಎಂಬುದು ಅದಕ್ಕೆ ತಿಳಿದಿರಲೇಬೇಕೆಂದಿಲ್ಲ. ಅದನ್ನು ನಿಲ್ದಾಣದಲ್ಲಿ ಚಹಾ ಕುಡಿಯುತ್ತ ನಿಂತ ವಸ್ತಿ ಬಸ್ಸಿನ ಚಾಲಕನನ್ನು ಕೇಳಿ. ಅವರು ಈಗಷ್ಟೇ ಆ ದಾರಿಯಲ್ಲಿ ಬಂದಿರುತ್ತಾರೆ. ಹತ್ತು ಮೈಲಿ ಸುತ್ತು ಹಾಕಿ ಹೋಗಿ ಎಂದರೆ, ಸುತ್ತು ಹಾಕಿಯೇ ಹೋಗಿ.