ಗುಂಡುಕಲ್ಲುಗಳ ಸಂದಿಗೆ ಇಳಿಯುವ ಮುನ್ನ

ಬೆಂಗಳೂರಿನಿಂದ ಶನಿವಾರ ರಾತ್ರಿ ಹೊರಡುವ ಟೆಂಪೋ ಟ್ರಾವೆಲರ್‌ಗಳಿಗೆ ಸೂರ್ಯೋದಯದ ಜೊತೆಗೆ ಮಾರಲು ಇನ್ನೊಂದು ಸರಕು ಸಿಕ್ಕಿದೆ: ಗುಹೆ. ಕೋಲಾರದ ಅಂತರಗಂಗೆಯಲ್ಲಿ ಟಾರ್ಚ್ ಹಿಡಿದು ಬಂಡೆಗಳ ನಡುವೆ ನುಸುಳುವ ಪ್ರವಾಸ ವರ್ಷಗಳಿಂದ ನಡೆದಿದೆ. ಬೆಟ್ಟಗಳಿಗೇನೂ ಬರವಿಲ್ಲದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕಡೆಗೂ ಅದೇ ಗಿರಾಕಿ ಬರುತ್ತಾನೆ. ಇಂಥ ಪ್ರವಾಸಗಳ ಪ್ರಚಾರದಲ್ಲಿ ಈ ಸೀಮೆಯ ಕಲ್ಲನ್ನು ‘ಜ್ವಾಲಾಮುಖಿ ಶಿಲೆ’ ಎಂದು ಬಣ್ಣಿಸುವುದುಂಟು. ಓದಲು ರೋಮಾಂಚನ, ಆದರೆ ನಿಜವಲ್ಲ. ಇದು ಭೂವಿಜ್ಞಾನದ ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವಷ್ಟರ ತಪ್ಪು ಮಾತ್ರವಾಗಿದ್ದರೆ ನಕ್ಕು ಬಿಡಬಹುದಿತ್ತು. ಒಂದು ಗವಿ ಹೇಗೆ ಹುಟ್ಟಿತು ಎಂಬುದರ ಮೇಲೆಯೇ ಅದರಲ್ಲಿ ಯಾವ ಅಪಾಯ ಕಾದಿದೆ ಎಂಬುದು ನಿಂತಿದೆ. ಆದ್ದರಿಂದ ಪ್ರವಾಸ ಗೊತ್ತುಮಾಡುವವರು ದರ ಕೇಳುವ ಮೊದಲು ಗೈಡ್‌ಗೆ ಕೇಳಬೇಕಾದ್ದು, ‘ಈ ಗವಿ ಯಾತರದ್ದು?’ ಎಂದು.

ಲಾವಾ ಕೊಳವೆಗಳಿರುವುದು ಹವಾಯಿ, ಐಸ್‌ಲೆಂಡ್, ಕೊರಿಯಾದ ಜೆಜು ದ್ವೀಪದಂಥ ಕಡೆ. ನೀರಾಗಿ ಹರಿಯುವ ಲಾವಾದ ಮೇಲ್ಪದರ ಆರಿ ಗಟ್ಟಿಯಾಗುತ್ತದೆ, ಒಳಗಿನದು ಮುಂದಕ್ಕೆ ಹರಿದು ಖಾಲಿಯಾಗುತ್ತದೆ, ಉಳಿಯುವುದು ಸುರಂಗ. ನೆರೆಯ ಆಂಧ್ರದ ಬೇಲಂ ಗುಹೆಯದು ಬೇರೆ ಕಥೆ. ಅಲ್ಲಿ ನೀರು ಸುಣ್ಣದಕಲ್ಲನ್ನು ಕರಗಿಸಿ ದಾರಿ ಕೊರೆದಿದೆ. ನಮ್ಮದು ಇವೆರಡೂ ಅಲ್ಲ. ನಂದಿ ಸಾಲಿನ ಕಲ್ಲು ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲೇ ತಣಿದ ಗ್ರಾನೈಟ್ ಜಾತಿಯದು. ಮೇಲಿನ ಹೊರೆ ಸವೆದಂತೆ ಅದು ಬಿರುಕುಬಿಟ್ಟಿತು. ಬಿರುಕಿನಲ್ಲಿ ಇಳಿದ ನೀರು ಅಂಚುಗಳನ್ನು ಕೊಳೆಸಿ ಮಣ್ಣು ಮಾಡಿತು, ಆ ಮಣ್ಣು ಕೊಚ್ಚಿಹೋಗಿ ಗುಂಡುಕಲ್ಲುಗಳು ಒಂದರ ಮೇಲೊಂದು ಕುಳಿತವು. ಆಲೂಗಡ್ಡೆ ಮೂಟೆಯೊಳಗಿನ ಸಂದಿಗಳು ಹೇಗೋ, ಈ ಬೆಟ್ಟಗಳ ಬಹುಪಾಲು ಗವಿಗಳು ಹಾಗೆ. ತಳದ ಬಂಡೆಯ ಗಟ್ಟಿತನಕ್ಕೆ ಗೌರಿಬಿದನೂರೇ ಸಾಕ್ಷಿ. ದೂರದೇಶದ ಭೂಗತ ಅಣುಪರೀಕ್ಷೆಯ ನಡುಕವನ್ನೂ ಹಿಡಿಯಬಲ್ಲ ಭೂಕಂಪನ ಮಾಪಕಗಳ ಸಾಲನ್ನು ಭಾಭಾ ಅಣು ಸಂಶೋಧನಾ ಕೇಂದ್ರ 1960ರ ದಶಕದಲ್ಲಿ ಹೂಡಿದ್ದು ಅಲ್ಲಿ. ನೆಲ ಅಲುಗೀತೆಂಬ ಚಿಂತೆ ಇಲ್ಲಿ ಕಡಿಮೆ. ಯೋಚನೆ ಮಾಡಬೇಕಾದ್ದು ಆ ನೆಲದ ಮೇಲೆ ಪೇರಿಸಿಕೊಂಡು ಕುಳಿತ ಕಲ್ಲುಗಳ ಬಗ್ಗೆ.

ಪೇರಿದ ಕಲ್ಲಿನ ಗವಿಗೆ ಒಂದೇ ಸೂರು, ಒಂದೇ ದಾರಿ ಎಂಬುದಿಲ್ಲ. ಮನೆಗಾತ್ರದ ಹೆಬ್ಬಂಡೆ ಎರಡು ಮೂರು ಕಡೆ ಮಾತ್ರ ತಾಗಿ ನಿಂತಿರುತ್ತದೆ, ಅದರಡಿ ಸಿಕ್ಕಿಕೊಂಡ ಸಣ್ಣ ಕಲ್ಲು ಕಾಲಿಟ್ಟೊಡನೆ ಉರುಳಬಹುದು. ಸಂದಿಯಿಂದ ಬೆಳಕು ಬೀಳುವುದರಿಂದ ಹೊಸಬರಿಗೆ ಭಯವೇ ಆಗುವುದಿಲ್ಲ. ಆದರೆ ಪಕ್ಕದ ಕತ್ತಲೆಯ ಬಿರುಕು ಎರಡಾಳು ಆಳವಿದ್ದೀತು. ಮಳೆ ಬಿದ್ದ ಮಾರನೆಯ ದಿನ ಪಾಚಿಗಟ್ಟಿದ ಇಳಿಜಾರು ಬಂಡೆಯ ಮೇಲೆ ಎಷ್ಟು ಒಳ್ಳೆಯ ಶೂ ಆದರೂ ಜಾರುತ್ತದೆ. ತೊಂದರೆಯೆಂದರೆ, ಮಂಜಿನ ಆಸೆಗೆ ಜನ ಮುಗಿಬೀಳುವ ಅಕ್ಟೋಬರ್, ನವೆಂಬರ್‌ಗಳೇ ಇಲ್ಲಿ ಹಿಂಗಾರಿನ ತಿಂಗಳುಗಳು. ಬೇಡಿಕೆ ಮತ್ತು ಅಪಾಯ ಒಟ್ಟಿಗೆ ಏರಿದಾಗ ಏನಾಗುತ್ತದೆಂಬುದಕ್ಕೆ ಐಸ್‌ಲೆಂಡ್ ನೋಡಬಹುದು. ಅಲ್ಲಿನ ಹಿಮಗುಹೆಗಳಿಗೆ ಚಳಿಗಾಲವೇ ಸರಿಯಾದ ಕಾಲ. ಆದರೂ ಬೇಸಿಗೆಯಲ್ಲೂ ಪ್ರವಾಸ ನಡೆಯುತ್ತಿತ್ತು. 2024ರ ಆಗಸ್ಟ್ 25ರಂದು ಬ್ರೇದಾಮೆರ್ಕುರ್‌ಯೋಕುಲ್ ಹಿಮನದಿಯಲ್ಲಿ ಮಂಜುಗಡ್ಡೆ ಕುಸಿದು ಅಮೆರಿಕದ ಪ್ರವಾಸಿಯೊಬ್ಬರು ಸತ್ತರು. ಇನ್ನಿಬ್ಬರು ಕಾಣೆಯಾಗಿದ್ದಾರೆಂದು ಮರುದಿನದವರೆಗೂ ಮಂಜುಗಡ್ಡೆ ಕಡಿದು ಹುಡುಕಿದರು. ಕೊನೆಗೆ ತಿಳಿದದ್ದು, ಗುಂಪಿನಲ್ಲಿದ್ದವರು 25 ಅಲ್ಲ, 23. ಪಟ್ಟಿಯ ಲೆಕ್ಕವೇ ತಪ್ಪಿತ್ತು. ಹೆಲ್ಮೆಟ್, ಹಗ್ಗಗಳಿಗೆ ಹೆಸರಾದ ದೇಶದಲ್ಲೂ ತಲೆ ಎಣಿಸುವ ಕೆಲಸ ತಪ್ಪಿತೆಂದರೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೊನೆ ಗಳಿಗೆಗೆ ಹೆಸರು ಸೇರಿಸುವ ನಮ್ಮ ವಾರಾಂತ್ಯದ ಪ್ರವಾಸಗಳನ್ನು ಎಷ್ಟು ನಂಬೋಣ?

ಇನ್ನು ಗವಿಯ ಖಾಯಂ ನಿವಾಸಿಗಳು. ಬಯಲುಸೀಮೆಯ ಇಂಥ ಕಲ್ಲುಬೆಟ್ಟಗಳಲ್ಲಿ ಕರಡಿ, ಚಿರತೆಗಳು ಹಗಲು ಮಲಗುವುದು ಬಂಡೆಸಂದಿಗಳಲ್ಲೇ. ರಾತ್ರಿಯಿಡೀ ತಿರುಗಿದ ಪ್ರಾಣಿ ಮನೆಗೆ ಮರಳುವ ಬೆಳಗಿನ ಜಾವವೂ, ಸೂರ್ಯೋದಯದ ಗಿರಾಕಿ ಬೆಟ್ಟ ಹತ್ತುವ ಹೊತ್ತೂ ಒಂದೇ. ಮುಂಚಾಚಿದ ಬಂಡೆಯ ಅಡಿ ಹೆಜ್ಜೇನು ಕಟ್ಟಿದ್ದರೆ ಹೊಗೆ, ಗದ್ದಲ ಎರಡೂ ಕೂಡದು. ಬಾವಲಿಗಳ ಮಾತಂತೂ ಅಪಾಯಕ್ಕಿಂತ ಹೊಣೆಗೆ ಸೇರಿದ್ದು. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗವಿಯನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಉಳಿದಿರುವುದು ಗೊತ್ತಿಲ್ಲದ ಬಾವಲಿ ಜಾತಿಯೊಂದಿದೆ. ಅದರ ಹೆಸರೇ ಕೋಲಾರ ಎಲೆಮೂಗಿನ ಬಾವಲಿ. ಗ್ರಾನೈಟ್ ಕ್ವಾರಿಯ ಭೀತಿಯಲ್ಲೇ ಬದುಕಿರುವ, ಅಳಿವಿನ ಅಂಚಿನ ಜೀವ ಅದು. 2007ರವರೆಗೆ ಚಿಕ್ಕಬಳ್ಳಾಪುರವೂ ಕೋಲಾರ ಜಿಲ್ಲೆಯದೇ ಭಾಗ, ಕಲ್ಲೂ ಅದೇ ಬಗೆಯದು; ಆದ್ದರಿಂದ ಇಲ್ಲಿನ ಗವಿಗಳಲ್ಲೂ ಅದೇ ಎಚ್ಚರ ಬೇಕು. ಬಾವಲಿ ಇರುವ ಗವಿಗೆ ಟಾರ್ಚ್, ಸ್ಪೀಕರ್ ಸಮೇತ ನುಗ್ಗಿಸುವವನು ಎಷ್ಟೇ ಗಟ್ಟಿಗನಾದರೂ ಒಳ್ಳೆಯ ಗೈಡ್ ಅಲ್ಲ.

ಹಾಗಾದರೆ ಗೈಡ್ ಯಾರಾಗಬೇಕು? ಬೆಟ್ಟದ ಬುಡದ ಊರಿನವರೇ ಆಗಬೇಕೆಂಬುದು ನನ್ನ ವಾದ. ಯಾವ ಸಂದಿಯಲ್ಲಿ ಕರಡಿಯ ಹೆಜ್ಜೆ ಕಂಡಿತು, ಯಾವ ದೊಣೆ ಈ ವಾರ ತುಂಬಿದೆ ಎಂಬುದು ಕುರಿ ಮೇಯಿಸುವವರಿಗೆ ಗೊತ್ತಿರುತ್ತದೆ, ತಿಂಗಳಿಗೊಮ್ಮೆ ಬರುವವರಿಗಲ್ಲ. ಆದರೆ ಪ್ರಥಮ ಚಿಕಿತ್ಸೆಯ ತರಬೇತಿ, ಹೆಲ್ಮೆಟ್, ವಿಮೆ ಇರುವುದು ನಗರದ ಕಂಪನಿಗಳ ಹತ್ತಿರವಲ್ಲವೇ ಎಂಬ ಆಕ್ಷೇಪ ಬರುತ್ತದೆ. ಆಕ್ಷೇಪದಲ್ಲಿ ತೂಕವಿದೆ. ಕಲ್ಲು ತಲೆಗೆ ಬಿದ್ದಾಗ ಊರಿನ ಪರಿಚಯ ಪ್ರಯೋಜನಕ್ಕೆ ಬಾರದು. ಆದರೆ ಹೆಲ್ಮೆಟ್ ಕೊಳ್ಳಬಹುದು, ಪ್ರಥಮ ಚಿಕಿತ್ಸೆ ಕಲಿಸಬಹುದು. ಬೆಟ್ಟದ ನೆನಪನ್ನು ಹಾಗೆ ಕಲಿಸಿಕೊಡಲಾಗದು. ಕಂಪನಿಯ ಸಲಕರಣೆ, ಊರಿನವರ ಮಾತೇ ಕೊನೆಯ ಮಾತು ಎಂಬ ಏರ್ಪಾಡಿರುವ ಪ್ರವಾಸವೇ ಸರಿ. ‘ನಮ್ಮ ಬೆಟ್ಟಕ್ಕೆ ಗೈಡ್ ಯಾಕೆ, ಪರವಾನಗಿ ಯಾಕೆ’ ಎನ್ನುವವರೂ ಇದ್ದಾರೆ. ಕುಮಾರಪರ್ವತದಲ್ಲಿ ಕಿಕ್ಕಿರಿದ ಜನರನ್ನು ಕಂಡ ಮೇಲೆ 2024ರಲ್ಲಿ ರಾಜ್ಯ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಅರಣ್ಯ ಚಾರಣಗಳನ್ನು ನಿಲ್ಲಿಸಬೇಕಾಯಿತು. ಚಿಕ್ಕಬಳ್ಳಾಪುರದ ಸ್ಕಂದಗಿರಿಗೆ ಅದಕ್ಕೂ ಮೊದಲೇ ಬುಕಿಂಗ್ ವ್ಯವಸ್ಥೆ ಇತ್ತು. ಕಿರಿಕಿರಿ ಹೌದು; ಆದರೆ ಬೆಟ್ಟದ ಮೇಲೆ ಯಾರಿದ್ದಾರೆಂದು ಕೆಳಗಿರುವವರಿಗೆ ತಿಳಿಯುವುದು ಆ ಪಟ್ಟಿಯಿಂದಲೇ.

ಎಲ್ಲರಿಗೂ ಸಾಹಸವೇ ಬೇಕೆಂದಿಲ್ಲ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಚಿಂತಾಮಣಿ ಕಡೆಗೆ ತಿರುಗುವುದು ಲೇಸು. ಅಂಬಾಜಿದುರ್ಗದ ಹತ್ತಿರದ ಕೈಲಾಸಗಿರಿಯಲ್ಲಿ ಬಂಡೆ ಕೊರೆದು ಮಾಡಿದ ಗುಹಾಲಯಗಳಿವೆ. ಅಖಂಡ ಕಲ್ಲಾದ್ದರಿಂದ ಪೇರಿದ ಗುಂಡುಗಳ ಭಯವಿಲ್ಲ. ಕೈವಾರದಲ್ಲಿ ಸಂತ ತಾತಯ್ಯನವರು ತಪಸ್ಸು ಮಾಡಿದ ಗುಹೆಗೆ ಭಕ್ತರು ಹೋಗಿಬರುತ್ತಾರೆ. ಗೌರಿಬಿದನೂರು ಕಡೆಯ ಆವಲಬೆಟ್ಟದಲ್ಲಿ ಜನರನ್ನು ಸೆಳೆಯುವುದು ಗವಿಯಲ್ಲ, ಶೂನ್ಯಕ್ಕೆ ಚಾಚಿದ ಬಂಡೆ. ಅದರ ತುದಿಯಲ್ಲಿ ಫೋಟೊಗೆ ನಿಲ್ಲಬೇಡಿ ಎನ್ನಲು ಗೈಡ್ ಕೂಡ ಬೇಕಿಲ್ಲ. ಗುಂಡುಗಳ ಸಂದಿಗೇ ಇಳಿಯುತ್ತೇವೆಂಬವರು ಮುಂಗಡ ಕೊಡುವ ಮುನ್ನ ಇನ್ನೊಂದು ಮಾತು ಬಾಯಿಬಿಟ್ಟು ಕೇಳಲಿ: ಮಳೆ ಬಂದು ಪ್ರವಾಸ ನಿಂತರೆ ದುಡ್ಡು ವಾಪಸ್ಸೇ? ಗೈಡ್‌ಗೆ ಆ ದಿನದ ಕೂಲಿ ಸಿಗುತ್ತದೆಯೇ? ವಾಪಸ್ಸಿಲ್ಲವೆಂದರೆ ಹೇಗಾದರೂ ಹತ್ತಿಸಿ ಎಂದು ಹಟ ಹಿಡಿಯುವವರು ಗಿರಾಕಿಗಳೇ ಆಗುತ್ತಾರೆ. ಕೂಲಿಯಿಲ್ಲವೆಂದರೆ, ಒದ್ದೆ ಬಂಡೆಯ ಮುಂದೆ ನಿಂತು ‘ಇವತ್ತು ಬೇಡ’ ಎನ್ನಬೇಕಾದವನು ತನ್ನ ಅವತ್ತಿನ ಸಂಪಾದನೆಯನ್ನೇ ಬಿಟ್ಟುಕೊಟ್ಟು ಹಾಗೆ ಹೇಳಬೇಕಾಗುತ್ತದೆ.