ಶಿಲೆಯಲ್ಲಿ ಕಾಲವನ್ನು ಓದಿದ ಪಾದೂರು ಗುರುರಾಜ ಭಟ್ಟರು

ಪ್ರಾಕ್ತನ ಸಂಶೋಧನೆಯೆಂದರೆ ನೆಲವನ್ನು ಅಗೆದು ಮಡಕೆಯ ಚೂರುಗಳನ್ನೂ ನಾಣ್ಯಗಳನ್ನೂ ಹೊರತೆಗೆಯುವುದೆಂದು ಸಾಮಾನ್ಯ ಭಾವನೆ. ಆದರೆ ಘಟ್ಟಕ್ಕೂ ಕಡಲಿಗೂ ನಡುವಣ ತುಳುನಾಡಿನಲ್ಲಿ ಪ್ರಾಚೀನತೆಯು ಬಹುಮಟ್ಟಿಗೆ ನೆಲದ ಮೇಲೆಯೇ, ಅದರಲ್ಲಿಯೂ ನಿತ್ಯಪೂಜೆ ನಡೆಯುವ ಗರ್ಭಗುಡಿಗಳಲ್ಲಿ, ಉಳಿದುಬಂದಿದೆ. ಅದನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದವರಲ್ಲಿ ಡಾಕ್ಟರ್ ಪಾದೂರು ಗುರುರಾಜ ಭಟ್ಟರು ಅಗ್ರಗಣ್ಯರು.

ಕಾಪುವಿನ ಸಮೀಪದ ಪಾದೂರನ್ನು ತಮ್ಮ ಹೆಸರಿನಲ್ಲಿ ಧರಿಸಿದ್ದ ಭಟ್ಟರು ಇತಿಹಾಸದ ವಿದ್ವಾಂಸರು. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. ಊರೂರು ಸುತ್ತಿ, ದೇವಾಲಯಗಳ ಮೂರ್ತಿಗಳನ್ನು ಪರೀಕ್ಷಿಸಿ, ಛಾಯಾಚಿತ್ರಗಳನ್ನು ಸಂಗ್ರಹಿಸಿದರು. ತುಳುವ ಇತಿಹಾಸ ಹಾಗೂ ಸಂಸ್ಕೃತಿಯನ್ನು ಕುರಿತ ಅವರ ಇಂಗ್ಲಿಷ್ ಬೃಹದ್ಗ್ರಂಥವು 1975ರಲ್ಲಿ ಪ್ರಕಟವಾಯಿತು.

ಅವರ ಮುಂದಿದ್ದ ತೊಡಕೇನು? ಉದ್ಯಾವರದಲ್ಲಿ ಎಂಟನೆಯ ಶತಮಾನದ ಆಳುಪರ ಶಾಸನಗಳಿವೆ, ನಿಜ. ಆದರೆ ಹೆಚ್ಚಿನ ಮೂರ್ತಿಗಳ ಮೇಲೆ ಒಂದಕ್ಷರವೂ ಇಲ್ಲ. ಕಟ್ಟಡವನ್ನು ನಂಬೋಣವೆಂದರೆ, ಈ ಸೀಮೆಯ ಬಿರುಮಳೆಗೆ ಮರದ ಮಾಡುಗಳು ಶಿಥಿಲವಾಗಿ ಗುಡಿಗಳು ಮತ್ತೆ ಮತ್ತೆ ಹೊಸದಾಗಿವೆ. ಆದುದರಿಂದ ಮೂರ್ತಿಯ ರೂಪವನ್ನೇ ಸಾಕ್ಷಿಯಾಗಿ ಕೇಳಬೇಕಾಯಿತು.

ಈ ವಿಚಾರಣೆಗೆ ಕಾಲನಿಶ್ಚಯವಾದ ಕೃತಿಗಳೇ ಅಳತೆಗೋಲು. ಮಂಗಳೂರಿನ ಕದ್ರಿಯಲ್ಲಿರುವ ಲೋಕೇಶ್ವರನ ಕಂಚಿನ ಪ್ರತಿಮೆಯು ಆಳುಪ ದೊರೆ ಕುಂದವರ್ಮನ ಕಾಲದ್ದು, ಕ್ರಿ. ಶ. 968ರದು, ಕಾರ್ಕಳದ ಗೊಮ್ಮಟನು 1432ರಲ್ಲಿ ಪ್ರತಿಷ್ಠಿತನಾದನು. ಇಂಥ ಕೃತಿಗಳೊಡನೆ ಹೋಲಿಸಿ, ತಾರೀಖಿಲ್ಲದ ಮೂರ್ತಿಯ ಮೈಕಟ್ಟು, ಕಿರೀಟ, ಪ್ರಭಾವಳಿಗಳನ್ನು ನೋಡಬೇಕು. ವಿಷ್ಣುವಿನ ಕೈಯ ಚಕ್ರವು ಸಾದಾ ಇದೆಯೇ, ಅದಕ್ಕೆ ಜ್ವಾಲೆಗಳು ಮೂಡಿವೆಯೇ ಎಂಬುದು ಸಹ ಶತಮಾನಗಳ ಅಂತರವನ್ನು ಸೂಚಿಸಬಲ್ಲದು. ಒಂದೇ ಲಕ್ಷಣದಿಂದ ತೀರ್ಪು ಸಲ್ಲದು. ಹಲವು ಲಕ್ಷಣಗಳು ಕೂಡಿ ನುಡಿದಾಗಲೇ ಅದು ಪ್ರಮಾಣ.

ಈ ವಿಷಯವು ವಿದ್ವಾಂಸರಿಗೆ ಮಾತ್ರ ಸಂಬಂಧಿಸಿದುದಲ್ಲ. ಜೀರ್ಣೋದ್ಧಾರದ ವೇಳೆಯಲ್ಲಿ ಭಿನ್ನವಾದ ಹಳೆಯ ಮೂರ್ತಿಯನ್ನು ನೀರಿನಲ್ಲಿ ವಿಸರ್ಜಿಸಿ ನೂತನ ಮೂರ್ತಿಯನ್ನು ಪ್ರತಿಷ್ಠಿಸುವುದು ನಮ್ಮಲ್ಲಿ ರೂಢಿ. ಭಕ್ತಿಗೆ ಅದರಿಂದ ಕೊರತೆಯಿಲ್ಲ. ಆದರೆ ಶಾಸನವಿಲ್ಲದ ಊರಿಗೆ ಆ ಶಿಲೆಯೊಂದೇ ಚರಿತ್ರೆಯಾಗಿದ್ದರೆ, ಅದರೊಡನೆ ಊರಿನ ನೆನಪೂ ಮುಳುಗುತ್ತದೆ. ಭಟ್ಟರ ಗ್ರಂಥದ ಚಿತ್ರಪುಟಗಳ ಬೆಲೆ ತಿಳಿಯುವುದು ಇಲ್ಲಿಯೇ.

ಅವರ ಕಾಲನಿರ್ಣಯಗಳಲ್ಲಿ ಕೆಲವನ್ನು ಮುಂದಿನವರು ತಿದ್ದಬಹುದು. ತಿದ್ದುವುದಕ್ಕಾದರೂ ಸಾಕ್ಷಿ ಉಳಿದಿರಬೇಕು. ಆದುದರಿಂದ ತಮ್ಮ ಊರಿನ ಗುಡಿಯನ್ನು ನವೀಕರಿಸುವ ಮಹನೀಯರು, ಹಳೆಯದನ್ನು ಕದಲಿಸುವ ಮುನ್ನ ಅದರ ಅಳತೆಯನ್ನೂ ಛಾಯಾಚಿತ್ರವನ್ನೂ ತೆಗೆಸಿಡಲಿ. ಅಷ್ಟು ಮಾಡಿದರೆ ಭಟ್ಟರ ಕಾರ್ಯವನ್ನು ಮುಂದುವರಿಸಿದಂತೆಯೇ ಸರಿ.