ದಾರಿ ತಪ್ಪಿದ ಸುಣ್ಣ

ಗಡಸು ನೀರನ್ನು ದಿನವೂ ಕಾಯಿಸುವ ಬಚ್ಚಲ ಹಂಡೆಯ ಒಳಮೈಯಲ್ಲಿ ಬಿಳಿಯ ಪದರವೊಂದು ಕಟ್ಟಿಕೊಳ್ಳುವುದನ್ನು ಎಲ್ಲರೂ ನೋಡಿರುತ್ತಾರೆ. ನೀರಿನಲ್ಲಿ ಕರಗಿದ್ದ ಸುಣ್ಣದಂಶ ಬೇರ್ಪಟ್ಟು ಅಲ್ಲಿ ಕೂರುತ್ತದೆ. ಮನುಷ್ಯನ ಚರ್ಮದಡಿಯಲ್ಲೂ ಸುಣ್ಣದ ಗಂಟುಗಳು ಕಟ್ಟುವುದುಂಟು. 'ಸಿಸ್ಟೆಮಿಕ್ ಸ್ಕ್ಲಿರೋಸಿಸ್' ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಈ ತೊಂದರೆ ಕಾಣಿಸುತ್ತದೆ.

ಗ್ರೀಕ್ ಭಾಷೆಯಲ್ಲಿ 'ಸ್ಕ್ಲಿರೋಸ್' ಎಂದರೆ ಗಟ್ಟಿ. 1753ರಲ್ಲಿ ಇಟಲಿಯ ನೇಪಲ್ಸ್ ನಗರದ ವೈದ್ಯ ಕಾರ್ಲೊ ಕುರ್ಜಿಯೊ, ಮೈಚರ್ಮ ಬಿರುಸಾಗಿ ಬಾಯಿಯ ಸುತ್ತ ಬಿಗಿದುಕೊಂಡಿದ್ದ ಯುವತಿಯೊಬ್ಬಳ ಸ್ಥಿತಿಯನ್ನು ವರ್ಣಿಸಿದ್ದರು. ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ವಿರುದ್ಧ ತಿರುಗುವುದು ಈ ರೋಗದ ಮೂಲ. ಕಿರು ರಕ್ತನಾಳಗಳು ಕಿರಿದಾಗುತ್ತವೆ. ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನು ಚರ್ಮದಲ್ಲೂ ಒಳ ಅಂಗಗಳಲ್ಲೂ ಅತಿಯಾಗಿ ಸೇರುತ್ತದೆ. ಇದು ಸೋಂಕು ರೋಗವಲ್ಲ. ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು.

1910ರಲ್ಲಿ ಫ್ರಾನ್ಸಿನ ವೈದ್ಯರಾದ ತಿಬಿಯೇರ್ಜ್ ಮತ್ತು ವೈಸನ್‌ಬಾಖ್ ಈ ರೋಗಕ್ಕೂ ಸುಣ್ಣದ ಗಂಟುಗಳಿಗೂ ಇರುವ ನಂಟನ್ನು ವಿವರಿಸಿದರು. ಗಂಟುಗಳು ಹೆಚ್ಚಾಗಿ ಬೆರಳು, ಮೊಣಕೈ, ಮೊಣಕಾಲುಗಳಲ್ಲಿ ಏಳುತ್ತವೆ, ಮುಖದಲ್ಲಿ ಅಪರೂಪ. ಹಲ್ಲಿನ ತಿರುಳಿನಲ್ಲೂ ಸುಣ್ಣದ ಹರಳುಗಳು ಕಂಡುಬಂದಿವೆ. ಇಂತಹ ಹರಳುಗಳು ಆರೋಗ್ಯವಂತರ ಹಲ್ಲಿನಲ್ಲೂ, ವಿಶೇಷವಾಗಿ ವಯಸ್ಸಾದಂತೆ, ಇರಬಹುದು. ನೋವು ಕೊಡದೆ ಎಕ್ಸ್-ರೇ ಚಿತ್ರದಲ್ಲಷ್ಟೇ ಗೋಚರಿಸುವುದೇ ಹೆಚ್ಚು. ಆದರೆ ಬೇರುನಾಳದ ಚಿಕಿತ್ಸೆಯ ವೇಳೆ ಸೂಜಿಯ ದಾರಿಗೆ ಅಡ್ಡ ಬರುತ್ತವೆ.

ವಿಶೇಷವೆಂದರೆ, ಚರ್ಮದಡಿಯ ಗಂಟಿನಲ್ಲಿ ಮುಖ್ಯವಾಗಿರುವುದು ಹೈಡ್ರಾಕ್ಸಿಅಪಟೈಟ್. ಮೂಳೆ ಹಾಗೂ ಹಲ್ಲುಗಳಿಗೆ ಗಟ್ಟಿತನ ಕೊಡುವ ಖನಿಜವೂ ಅದೇ. ದೇಹದ ಕ್ಯಾಲ್ಸಿಯಂನ ಶೇ. 99ರಷ್ಟು ಇರಬೇಕಾದದ್ದು ಮೂಳೆ, ಹಲ್ಲುಗಳಲ್ಲಿ. ಇಲ್ಲಿ ಅದು ಕೂರಬಾರದ ಕಡೆ ಕೂತಿದೆ.

ಹಾಗಾದರೆ ಹಂಡೆಯ ನೀರಿನಂತೆ ರಕ್ತದಲ್ಲೂ ಸುಣ್ಣ ಹೆಚ್ಚಾಗಿದೆಯೇ? ಇಲ್ಲ. ಈ ರೋಗಿಗಳ ರಕ್ತದಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಸಾಮಾನ್ಯವಾಗಿ ಸರಿಯಾದ ಪ್ರಮಾಣದಲ್ಲೇ ಇರುತ್ತವೆ. ರಕ್ತಪೂರೈಕೆ ತಗ್ಗಿ ಜಖಂಗೊಂಡ ಅಂಗಾಂಶದಲ್ಲಿ ಖನಿಜ ಬಂದು ಸೇರುತ್ತದೆ. ಆದ್ದರಿಂದ 'ಮೈಯಲ್ಲಿ ಸುಣ್ಣ ಕಟ್ಟುತ್ತಿದೆ' ಎಂದು ಮನೆಯವರು ರೋಗಿಗೆ ಹಾಲು, ಮೊಸರು, ರಾಗಿ ಬಿಡಿಸುವುದು ತಪ್ಪು. ಗಂಟು ಅದರಿಂದ ಕರಗದು. ಮೂಳೆಗೆ ಬೇಕಾದ ಪೋಷಣೆ ಮಾತ್ರ ತಪ್ಪುತ್ತದೆ. ಪಥ್ಯವನ್ನು ವೈದ್ಯರೇ ಹೇಳಬೇಕು.

ಗಂಟುಗಳನ್ನು ಖಚಿತವಾಗಿ ಕರಗಿಸುವ ಔಷಧಿ ಇಲ್ಲ. ತೀರ ತೊಂದರೆ ಕೊಡುವುದನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುತ್ತಾರೆ. ಕೆಲವು ತಾವಾಗಿ ಒಡೆದು ಸೀಮೆಸುಣ್ಣದಂಥ ಬಿಳಿ ವಸ್ತು ಹೊರಬರುತ್ತದೆ. ಅವನ್ನು ಹಿಸುಕಿದರೆ, ಚುಚ್ಚಿದರೆ ಕೀವಾಗುವ ಅಪಾಯವಿದೆ.

ಬಾಯಿಯ ಆರೈಕೆಯಂತೂ ತೀರ ಮುಖ್ಯ. ಚರ್ಮ ಬಿಗಿದಂತೆ ಬಾಯಿ ಕಿರಿದಾಗುತ್ತದೆ. ಲಾಲಾರಸ ಕಡಿಮೆಯಾದರೆ ಹಲ್ಲು ಬೇಗ ಹುಳುಕಾಗುತ್ತದೆ. ಗಡುಸಾದ ಬೆರಳುಗಳಿಗೆ ಬ್ರಷ್ ಹಿಡಿಯುವುದೂ ಕಷ್ಟ. ದಪ್ಪ ಹಿಡಿಯ, ಸಣ್ಣ ತಲೆಯ ಬ್ರಷ್ ಅನುಕೂಲ. ಬಾಯಿ ತೆರೆಯುವ ವ್ಯಾಯಾಮವನ್ನು ತಜ್ಞರಿಂದ ಕಲಿತು ದಿನವೂ ಮಾಡಬೇಕು. ಬಾಯಿ ಚೆನ್ನಾಗಿ ತೆರೆಯುತ್ತಿರುವಾಗಲೇ ದಂತವೈದ್ಯರನ್ನು ಕಾಣುವುದು ಜಾಣತನ.

ಚಳಿಯಲ್ಲಿ ಬೆರಳುಗಳು ಬಿಳಿಚಿ ಆಮೇಲೆ ನೀಲಿಯಾಗುವುದು ಅನೇಕರಲ್ಲಿ ಈ ರೋಗದ ಮೊದಲ ಲಕ್ಷಣ. ಹಾಗಾದವರಿಗೆಲ್ಲ ಈ ರೋಗ ಇದೆಯೆಂದಲ್ಲ. ಆದರೆ ಅದರ ಜೊತೆಗೆ ಬೆರಳು ಊದಿಕೊಂಡರೆ, ಚರ್ಮ ಬಿಗಿಯತೊಡಗಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.